ಕೆಂಪು ಮುಚ್ಚಳದ ಡಬ್ಬಿ

ಡಾಕ್ಟರ್ ರೋಸಲಿಂಡ್ ಮೇಜಿನ ಮೇಲೆ ಬಿಟ್ಟ ಕೂಡಲೇ ರಾಣಿ ಎರಡು ಹೆಜ್ಜೆ ಇಟ್ಟು, ಹಿಂಗಾಲು ಎಳೆದುಕೊಂಡು ಮಗ್ಗುಲಿಗೆ ವಾಲಿತು. ಮುಂಗುಸಿಯ ತಮ್ಮನ ಹಾಗೆ ಕಾಣುವ ಈ ಫೆರೆಟ್ ಜೋಡಿಯನ್ನು ಭೋಜರಾಜ ಮಗಳು ತೃಷಾಳ ಹನ್ನೊಂದನೆಯ ಹುಟ್ಟುಹಬ್ಬಕ್ಕೆ ತಂದುಕೊಟ್ಟಿದ್ದ. ಬುಟ್ಟಿಯೊಳಗಿದ್ದ ಶೇರು ಕೂಡ ಮೊದಲಿನ ಹಾಗೆ ಕುಣಿಯುತ್ತಿರಲಿಲ್ಲ.

"ತೂಕ ಕಾಲುಭಾಗ ಇಳಿದಿದೆ. ಭೇದಿ ಬೇರೆ. ತಿನ್ನಲಿಕ್ಕೆ ಎಂತ ಕೊಡುದು?" ಡಾಕ್ಟರ್ ಕೇಳಿದರು. ಅವರೂ ಮಂಗಳೂರಿನವರಾದ್ದರಿಂದ ಮಸ್ಕತ್ತಿನ ಅಲ್ ಅಜೈಬಾದ ಆ ಪ್ರಾಣಿ ಕ್ಲಿನಿಕ್ಕಿನಲ್ಲಿ ಮಾತೆಲ್ಲ ಕನ್ನಡದಲ್ಲೇ.

ಭೋಜರಾಜನ ಹೆಂಡತಿ ಸೌಮ್ಯಶ್ರೀ ಫೋನಿನಲ್ಲಿದ್ದ ಪಟ್ಟಿ ತೋರಿಸಿದಳು. ಪಥ್ಯ ಹೇಳುವುದೇ ಅವಳ ವೃತ್ತಿ. ಮಸ್ಕತ್ತಿನಲ್ಲಿರುವ ಕರಾವಳಿಯ ನೂರಾರು ಹೆಂಗಸರು ಅವಳ ಆನ್‌ಲೈನ್ ಕ್ಲಾಸಿಗೆ ಕೂರುತ್ತಿದ್ದರು. "ಕೋಳಿ ತೊಡೆ, ಹೃದಯ, ಸ್ವಲ್ಪ ಲಿವರ್, ವಾರಕ್ಕೆರಡು ಮೊಟ್ಟೆ. ಧಾನ್ಯ ಇಲ್ಲ, ಹಣ್ಣಿಲ್ಲ, ಸಿಹಿ ಅಂತೂ ತೋರಿಸುವುದೇ ಇಲ್ಲ. ಬೆಳಿಗ್ಗೆ, ಸಂಜೆ ತೃಷಾ ಹಾಕ್ತಾಳೆ. ಮಧ್ಯಾಹ್ನ ಇವರು."

"ಇದಕ್ಕಿಂತ ಒಳ್ಳೆ ಪಟ್ಟಿ ನನಗೂ ಬರೆಯಲಿಕ್ಕೆ ಆಗುದಿಲ್ಲ," ಎಂದರು ಡಾಕ್ಟರ್. "ಅದೇ ಹೆದರಿಕೆ. ಊಟ ಇಷ್ಟು ಸರಿ ಇದ್ದೂ ಹೀಗಾಗಿದೆ ಅಂದ್ರೆ ಒಳಗೆ ಗಡ್ಡೆ ಇರಬಹುದು. ಸ್ಕ್ಯಾನಿನಲ್ಲಿ ಎಲ್ಲ ಸಲ ಕಾಣುದಿಲ್ಲ. ಹೊಟ್ಟೆ ತೆರೆದು ನೋಡ್ಬೇಕು. ಆದ್ರೆ ಇಷ್ಟು ಸೋತ ಜೀವ ಅರಿವಳಿಕೆ ತಡೀತದೆ ಅಂತ ನಾನು ಮಾತು ಕೊಡುದಿಲ್ಲ."

"ಪಪ್ಪಾ, ಈಸ್ ಶಿ ಗೋಯಿಂಗ್ ಟು ಡೈ?" ತೃಷಾ ಅಪ್ಪನ ತೋಳು ಹಿಡಿದುಕೊಂಡಳು.

ಭೋಜರಾಜ ಗೋಡೆಯ ಕಡೆ ನೋಡಿದ. ಅಲ್ ಮವಾಲೇಹ್‌ನಲ್ಲಿ ಅವನು ನೋಡಿಕೊಳ್ಳುವ ಟೈಲ್ಸ್ ಅಂಗಡಿ ಒಂದು ಗಂಟೆಗೆ ಮುಚ್ಚಿದರೆ ತೆರೆಯುವುದು ನಾಲ್ಕಕ್ಕೆ. ಮಧ್ಯಾಹ್ನ ತೃಷಾ ಶಾಲೆಯಲ್ಲಿ, ಸೌಮ್ಯಶ್ರೀ ಆಸ್ಪತ್ರೆಯ ಪಥ್ಯದ ಕೆಲಸದಲ್ಲಿ; ಮನೆಯಲ್ಲಿ ಅವನೊಬ್ಬನೇ. ಫ್ರಿಜ್ಜಿನಲ್ಲಿ ಎರಡು ಡಬ್ಬಿ. ಹಸಿರು ಮುಚ್ಚಳದ್ದು ಸಕ್ಕರೆ ಕಾಯಿಲೆಯವನಾದ ಅವನದು: ಉಪ್ಪಿಲ್ಲದ ಓಟ್ಸ್, ಹೆಚ್ಚಿದ ಸೌತೆಕಾಯಿ. ಕೆಂಪು ಮುಚ್ಚಳದ್ದು ಫೆರೆಟ್‌ಗಳದು: ಅದೇ ಬೆಳಿಗ್ಗೆ ತಂದ ತಾಜಾ ಕೋಳಿ. ಮೊದಲ ದಿನ ಅವನು ಒಂದೇ ಒಂದು ತುಂಡು ಹುರಿದುಕೊಂಡಿದ್ದ, ರುಚಿ ಮರೆತುಹೋಗದಿರಲಿ ಎಂದು.

"ಆಪರೇಷನ್ ಬೇಡ ಡಾಕ್ಟ್ರೆ," ಎಂದ. "ಮಧ್ಯಾಹ್ನದ ಕೋಳಿ ಅವು ತಿಂತಿರಲಿಲ್ಲ."

"ಮತ್ತೆ?"

"ನಾನು ತಿಂತಿದ್ದೆ."

ಡಾಕ್ಟರ್ ರಾಣಿಯ ಕಡೆ ಬೊಟ್ಟು ಮಾಡಿದರು.

"ಹಾಗಾದ್ರೆ ಇವು ಉಪವಾಸವಾ?"

"ಛೆ, ಉಪವಾಸ ಹಾಕುವಷ್ಟು ಕೆಟ್ಟವ ಅಲ್ಲ ನಾನು. ನನ್ನ ಓಟ್ಸ್ ಹಾಕ್ತಿದ್ದೆ. ಬರೀ ಓಟ್ಸ್ ಮೂಸಿಯೂ ನೋಡುದಿಲ್ಲ. ನಾಲ್ಕು ಖರ್ಜೂರ ಹಿಸುಕಿ ಕಲಸಿದ್ರೆ ಬಟ್ಟಲು ನೆಕ್ಕಿಬಿಡ್ತವೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಎಷ್ಟು ದಿನದಿಂದ?"

"ಮೂರು ತಿಂಗಳು."

ಸೌಮ್ಯಶ್ರೀ ಗಂಡನನ್ನು ಮೊದಲ ಸಲ ಕಂಡವಳ ಹಾಗೆ ನೋಡಿದಳು. ಅವನ ಮೂರು ತಿಂಗಳ ಶುಗರ್ ಎಂಟೂವರೆಯಿಂದ ಆರೂಕಾಲಕ್ಕೆ ಇಳಿದ ರಿಪೋರ್ಟನ್ನು ಅವಳು ಹೋದ ವಾರವಷ್ಟೇ ಕ್ಲಾಸಿನ ಗ್ರೂಪಿಗೆ ಹಾಕಿದ್ದಳು, 'ಓಟ್ಸ್‌ನ ಫಲ' ಎಂದು ತಲೆಬರಹ ಕೊಟ್ಟು. ಅದರ ಕೆಳಗೆ ಹೆಂಗಸರು ಕೈಮುಗಿದದ್ದು ಇನ್ನೂ ನಿಂತಿರಲಿಲ್ಲ.

"ಹೊಟ್ಟೆ ತೆರೆಯುದು ಸದ್ಯಕ್ಕೆ ಬೇಡ. ಮಾಂಸವೇ ತಿನ್ನುವ ಜೀವಕ್ಕೆ ಧಾನ್ಯ, ಸಿಹಿ ಅಂದ್ರೆ ವಿಷ," ಎಂದರು ಡಾಕ್ಟರ್. "ರಾಣಿಯನ್ನು ಎರಡು ದಿನ ಡ್ರಿಪ್ ಹಾಕಿ ಇಲ್ಲೇ ಇಟ್ಟುಕೊಳ್ತೇನೆ. ಆಮೇಲೆ ನಾಲ್ಕು ಗಂಟೆಗೊಮ್ಮೆ ಬರೀ ಮಾಂಸ. ಹದಿನೈದು ದಿನದಲ್ಲಿ ಎದ್ದು ಓಡ್ಬೇಕು, ಓಡದಿದ್ರೆ ಮತ್ತೆ ನೋಡುವ." ಬರೆಯುತ್ತ ತಲೆ ಎತ್ತಿದರು. "ನಿಮಗೆ ಹೇಗುಂಟು ಈಗ?"

"ಒಳ್ಳೆದುಂಟು ಡಾಕ್ಟ್ರೆ," ಎಂದ ಭೋಜರಾಜ, ತಲೆ ತಗ್ಗಿಸಿ. "ಆರು ಕೆಜಿ ಇಳಿದಿದ್ದೇನೆ."

ಕಾರಿನಲ್ಲಿ ತೃಷಾ ಶೇರುವನ್ನು ಅಪ್ಪಿಕೊಂಡು ಹಿಂದೆ ಕೂತಳು. ಕನ್ನಡಿಯಲ್ಲಿ ಅಪ್ಪನ ಕಣ್ಣು ಕಂಡಾಗಲೆಲ್ಲ ಮುಖ ತಿರುಗಿಸಿದಳು. ಅದು ಭೋಜರಾಜನಿಗೆ ಯಾವ ಬೈಗುಳಕ್ಕಿಂತ ಹೆಚ್ಚು ತಾಗಿತು. ಎರಡು ರೌಂಡಬೌಟ್ ದಾಟಿದ ಮೇಲೆ ಧೈರ್ಯ ಮಾಡಿ, "ಸೌಮ್ಯಾ, ತಪ್ಪಾಯ್ತು," ಎಂದ.

"ದಿನಕ್ಕೆ ಎಷ್ಟು ಗ್ರಾಂ ತಿಂತಿದ್ರಿ?"

"ತೂಗಿ ತಿಂದವ ಅಲ್ಲ ಮಾರಾಯ್ತಿ. ಒಂದು ಮುನ್ನೂರು ಇರಬಹುದು."

"ಲಿವರ್, ಹೃದಯ?"

"ಎಲ್ಲ."

"ಎಣ್ಣೆ?"

"ಒಂದು ಚಮಚ. ಮೇಲಿಂದ ಸ್ವಲ್ಪ ಕಾಳುಮೆಣಸು."

ಅವಳು ಫೋನಿನಲ್ಲಿ ಏನೋ ಬರೆದುಕೊಂಡಳು. ವಕೀಲರಿಗೆ ತೋರಿಸಲಿಕ್ಕೇ ಇರಬೇಕು ಎಂದುಕೊಂಡು ಭೋಜರಾಜ ರಸ್ತೆ ನೋಡಿದ.

ಹನ್ನೆರಡನೆಯ ದಿನ ರಾಣಿ ಸೋಫಾದ ಅಡಿಯಿಂದ ಪರದೆಯವರೆಗೆ ಓಡಿತು. ಅಂದು ತೃಷಾ ಅಪ್ಪನ ಜೊತೆ ಮಾತಾಡಿದಳು, ಇಂಗ್ಲಿಷಿನಲ್ಲಿ, ಎರಡೇ ವಾಕ್ಯ. ಅವನಿಗೆ ಅಷ್ಟು ಸಾಕಾಯಿತು.

ಆ ಶನಿವಾರ ಸಂಜೆ ಅವನು ಅಡುಗೆಮನೆಯಲ್ಲಿ ಫೆರೆಟ್‌ಗಳಿಗೆಂದು ಕೋಳಿಯ ಹೃದಯ ಕೊಚ್ಚುತ್ತಿದ್ದಾಗ ಎದುರಿನ ಕೋಣೆಯಿಂದ ಹೆಂಡತಿಯ ಕ್ಲಾಸು ಕೇಳಿಸುತ್ತಿತ್ತು. ಓಟ್ಸ್ ಯಾಕೆ ಬಿಡಬೇಕು ಎಂದು ಅವಳು ಯಾರಿಗೋ ವಿವರಿಸುತ್ತಿದ್ದಳು. ದನಿಯಲ್ಲಿ ಎಳ್ಳಷ್ಟೂ ಅಳುಕಿರಲಿಲ್ಲ.

"ಸುಮ್ಮನೆ ಬಾಯಿಗೆ ಬಂದದ್ದು ಹೇಳುವವಳಲ್ಲ ನಾನು. ಮೂರು ತಿಂಗಳು ಮನೆಯಲ್ಲೇ ಪ್ರಯೋಗ ಮಾಡಿ ನೋಡಿದ್ದೇನೆ. ನನ್ನ ಗಂಡನಿಗೆ ಕೋಳಿ, ಇನ್ನಿಬ್ಬರಿಗೆ ಓಟ್ಸ್. ಆ ಇಬ್ಬರಲ್ಲಿ ಒಬ್ಬರನ್ನು ಕಡೆಗೆ ಅಡ್ಮಿಟ್ ಮಾಡ್ಬೇಕಾಯ್ತು. ಹೆಸರು ಮಾತ್ರ ಕೇಳ್ಬೇಡಿ, ಪೇಷೆಂಟ್‌ಗಳ ವಿಷಯ ಹೊರಗೆ ಹೇಳುವ ಹಾಗಿಲ್ಲ."