ಹೆಸರಿಲ್ಲದ ಸಾಲು

"ನನ್ನ ಕೂಸಿನ ಹೆಸರ ಯಾರ ಹೊಡದ ಹಾಕಾರ್ರಿ?"

ಎರಡು ತಿಂಗಳಿಂದ ಅಮೀರಬಿಯ ಮಗ ಪೋಲಿಯೊ ಹನಿಯ ಯಾದಿಯಲ್ಲಿ ಇರಲಿಲ್ಲ. ಗುಡಗೇರಿಯ ಟ್ರಸ್ಟ್ ದವಾಖಾನೆಗೆ ಕಂಪ್ಯೂಟರ್ ಬಂದ ಎಂಬತ್ತೆಂಟನೆಯ ಇಸವಿಯಿಂದ ನರ್ಸ್ ಗುರವ್ವ ಅದು ಅಚ್ಚು ಹಾಕಿದ ಯಾದಿ ಹಿಡಿದೇ ಊರೂರು ತಿರುಗುತ್ತಿದ್ದಳು. ಲಸಿಕೆ ಸಿಗುವುದೂ ಆ ಯಾದಿಯಲ್ಲಿದ್ದಷ್ಟೇ ಮಕ್ಕಳಿಗೆ. ತಾವು ಬೇರೆ ಮತದವರೆಂದೇ ಹೀಗಾಯಿತೆಂಬುದು ಅಮೀರಬಿಯ ಅನುಮಾನ. ಕಂಪ್ಯೂಟರಿಗೆ ಆ ಯಾದಿ ತೆಗೆಯುವ ಪ್ರೋಗ್ರಾಂ ಬರೆದ ಈರಬಸಪ್ಪ ತಲೆ ತಗ್ಗಿಸಿದ. ಮಾರನೆಯ ದಿನ ಮತ್ತೆ ಯಾದಿ ಹೊರಡಬೇಕಿತ್ತು.

ಮಧ್ಯಾಹ್ನದೊಳಗೆ ತಪ್ಪು ಸಿಕ್ಕಿತು. ಪ್ರತಿ ಹೆಸರಿಗೂ ಅಕ್ಷರಕ್ಕೊಂದರಂತೆ ಹದಿನೈದು ಮನೆ ಕೊಟ್ಟಿದ್ದ. ಕೊನೆಯ ಮನೆಯಿಂದ ಹಿಂದಕ್ಕೆ ಬಾ, ಅಕ್ಷರ ಸಿಗುವವರೆಗೂ ಖಾಲಿ ಮನೆ ಅಳಿಸುತ್ತ ಬಾ ಎಂದು ಯಂತ್ರಕ್ಕೆ ಹೇಳಿದ್ದ. ಅಮೀರಬಿಯ ಮಗನ ಕೆಳಗಿನ ಸಾಲಿನಲ್ಲಿ ಕೂಸಿನ ಹೆಸರೇ ಇರಲಿಲ್ಲ. ಅಕ್ಷರ ಸಿಗದ ಯಂತ್ರ ಮೊದಲ ಮನೆಯನ್ನೂ ದಾಟಿ, ಮೇಲಿನ ಸಾಲಿನ ಕೊನೆಗೆ ನುಗ್ಗಿ, ಆ ಹುಡುಗನಿಗೆ ಹನಿ ಹಾಕಬೇಕೆಂಬ ಗುರುತನ್ನು ಒರೆಸಿ ಹಾಕುತ್ತಿತ್ತು. ಹೆಸರಿಲ್ಲದ ಕೂಸೂ ಇರಬಹುದೆಂದು, ಬರೆಯುವಾಗ ಆ ಜಾಣನಿಗೆ ಹೊಳೆದಿರಲಿಲ್ಲ.

"ಆ ಖಾಲಿ ಸಾಲ ತಗದಬಿಡ್ರಿ, ಒಂದ ನಿಮಿಷದ ಕೆಲಸ," ಎಂದಳು ಗುರವ್ವ, ಅವನ ಮುಖ ನೋಡದೆ.

"ತಗಿಯಾಕ ಆಗೂದಿಲ್ರಿ."

"ಹಂಗಾರ ಯಾವದರ ಒಂದ ಹೆಸರ ಬರೀರಿ."

"ತೊಟ್ಲಾಗ ಹಾಕಿ ಹೆಸರಿಡೂದ ಆಗಿಲ್ರಿ. ನಾ ಹೆಂಗ ಬರೀಲಿ?"

ಎಂಥ ಹಟವೋ! ಆದರೆ ಮೂಗಿನ ತುದಿಯಲ್ಲೇ ಸಿಟ್ಟಿರುವ ಗುರವ್ವ ಅಂದು ರೇಗಲಿಲ್ಲ. ಮನೆಯಲ್ಲಿ ಅವನ ಹೆಂಡತಿ ಶಾರದವ್ವ ಹೇಗಿದ್ದಾಳೆಂದು ಮಾತ್ರ ಕೇಳಿದಳು. ಈಗೀಗ ಎರಡು ತುತ್ತು ಉಣ್ಣುತ್ತಾಳೆ ಎಂದ ಈರಬಸಪ್ಪ.

ಬುತ್ತಿ ಬಿಚ್ಚದೆ ಕೆಲಸಕ್ಕೆ ಕೂತ. ಯಂತ್ರಕ್ಕೆ ಹೇಳಬೇಕಾದದ್ದು, ಹಿಂದಕ್ಕೆ ಸರಿಯುವ ಮುನ್ನ ಪ್ರತಿ ಸಲ ಕೇಳು, ಇದು ಮೊದಲ ಮನೆಯೇ? ಹೌದಾದರೆ ಅಲ್ಲೇ ನಿಲ್ಲು. ಇಷ್ಟೇ ಮಾತು. ಆದರೆ ಅಂಥದೇ ತಪ್ಪು ಇನ್ನೂ ಐದು ಕಡೆ ಇತ್ತು. ಹೊತ್ತು ಇಳಿಯುವಷ್ಟರಲ್ಲಿ ಎಲ್ಲ ಕಡೆ ತಡೆ ಹಾಕಿ, ಅಳಿದ ಗುರುತನ್ನು ಮತ್ತೆ ತುಂಬಿ, ಹೊಸ ಯಾದಿ ತೆಗೆದ.

ಅಮೀರಬಿಯ ಮಗ ಯಾದಿಗೆ ಬಂದಿದ್ದ. ಆಕೆ ಕಾಗದವನ್ನು ಕಣ್ಣಿಗೊತ್ತಿಕೊಂಡಳು. ಕೆಳಗಿನ ಸಾಲೂ ಹಾಗೇ ಇತ್ತು. ಕೂಸಿನ ಹೆಸರು ಖಾಲಿ. ತಾಯಿ ಶಾರದವ್ವ, ತಂದೆ ಈರಬಸಪ್ಪ.

ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಬೇಕಿದ್ದ ಮಗಳನ್ನು ಒಂಬತ್ತನೆಯ ದಿನವೇ ಮಣ್ಣಿಗಿಟ್ಟಿದ್ದರು. ಅವಳು ಈ ಲೋಕಕ್ಕೆ ಬಂದಿದ್ದಳೆಂದು ಬರೆದಿದ್ದ ಜಾಗ ಅದೊಂದೇ ಆಗಿತ್ತು.