ಸುಸೂತ್ರವಾಗಿ ಮುಗಿದ ದಿನಗಳು

ಊರಿನವರೆಲ್ಲರ ದಿನದಿನವನ್ನೂ ಬರೆದಿಡುತ್ತಿದ್ದ ಸರ್ವರ್ ತುಂಬಿ ತುಳುಕಿದಾಗ, ಅದನ್ನು ನೋಡಿಕೊಳ್ಳುವ ಗುರುಪಾದಪ್ಪ ಒಂದು ಗುಂಡಿ ಒತ್ತಿದ್ದ. ಅಂದಿನಿಂದ ಕೆಟ್ಟದ್ದೇನಾದರೂ ಆದ ದಿನಗಳಷ್ಟೇ ಉಳಿದವು. ಸುಸೂತ್ರವಾಗಿ ಮುಗಿದವು, ಹಳೆಯವೂ ಸೇರಿ, ಅಳಿಸಿಹೋದವು.

ಸತ್ತವರ ದಿನಚರಿಯನ್ನು ದಿನಕರ್ಮದಂದು ಮನೆಮಂದಿಯ ಮುಂದೆ ಓದುವುದು ರೂಢಿ. ಗಂಡನದನ್ನು ಒಯ್ಯಲು ಬಂದ ದ್ಯಾಮವ್ವನಿಗೆ ಗುರುಪಾದಪ್ಪ ಮೂರೇ ಹಾಳೆ ಕೊಟ್ಟ. ಎರಡು, ಗಂಡ ಅವಳ ಮೇಲೆ ಕೈ ಮಾಡಿದ ದಿನಗಳವು. ಮೂರನೆಯದು ಅವನು ಸತ್ತ ದಿನದ್ದು.

“ನಲವತ್ತು ವರ್ಷ ಸಂಸಾರ ಮಾಡೇನ್ರಿ. ಇವು ಮೂರೂ ನನಗ ನೆನಪದಾವ. ಉಳಿದದ್ದು ಕೊಡ್ರಿ.”

“ಉಳಿದ ದಿನ ಎಲ್ಲಾ ಚಲೋ ಇದ್ವು ಯವ್ವಾ. ಅದಕ್ಕ ಇಲ್ಲ.”

ಅವಳು ಹಾಳೆಗಳನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದಳು.

ಗುಂಡಿ ಒತ್ತಿದವನು ತಾನೇ ಎಂದು ಗುರುಪಾದಪ್ಪ ಹೇಳಲಿಲ್ಲ. ಒತ್ತಿದ ದಿನ ಅವನಿಗೆ ಕೆಟ್ಟದ್ದೇನೂ ಆಗಿರಲಿಲ್ಲ. ಹಾಗಾಗಿ ಆ ದಿನವೂ ಅಳಿಸಿಹೋಗಿತ್ತು.