ಖಾಲಿ ದೋಣಿಯ ತೂಕ

ಕಡಲು ಏರಿ ಮಂಗಳೂರಿನ ಬೀದಿಗಳು ನೀರಾಗಿ ಹನ್ನೆರಡು ವರ್ಷವಾಗಿತ್ತು. ಹುಟ್ಟು ಹಾಕಿ ಹಾಕಿ ಭುಜ ಸೋತಿದ್ದ ಅಂಚೆಯ ವಾರಿಜಾ ತನ್ನ ಹಗುರ ದೋಣಿಯ ಹಿಂಬದಿಗೆ ಬ್ಯಾಟರಿ, ಮೋಟಾರು ಕೂರಿಸಿದ್ದಳು. ಅಂಚೆ ಇನ್‌ಸ್ಪೆಕ್ಟರ್ ಪಿರೇರಾ ಅವರ ಇಂದಿನ ತಪಾಸಣೆಯಲ್ಲಿ ದೋಣಿ ಪಾಸಾಗದಿದ್ದರೆ ಕೆಲಸ ಬಿಡಬೇಕಿತ್ತು. ನಟ್ಟುಗಳನ್ನು ನಾಲ್ಕು ಸಲ ಬಿಗಿದರೂ ಅವಳಿಗೆ ಸಮಾಧಾನವಿಲ್ಲ.

ಸ್ವಿಚ್ಚು ಒತ್ತಿದ್ದೇ ದೋಣಿಯ ಮೂತಿ ಆಕಾಶ ನೋಡಿತು. ಪ್ರತಿ ಸಲವೂ ಟಪಾಲಿನ ಮೂಟೆ ಮುಂದಿಟ್ಟೇ ಪರೀಕ್ಷಿಸಿದ್ದಳು. ಇಂದು ಭಾನುವಾರ, ಮೂಟೆಯಿಲ್ಲ.

"ಸರ್, ನೀವು ಮುಂದೆ ಕೂತ್ಕೊಳ್ಳಿ."

"ನಾನೆಂತ ಟಪಾಲು ಮೂಟೆಯಾ?" ಎಂದು ಗೊಣಗುತ್ತ ಪಿರೇರಾ ಕುಳಿತರು. ದೋಣಿ ಸಮವಾಗಿ ಓಡಿತು.

"ಟಪಾಲು ಹಂಚಿ ಖಾಲಿ ಬರುವಾಗ ಎಂತ ಮಾಡುದು ವಾರಿಜಾ? ನನ್ನನ್ನೇ ಕೂರಿಸಿಕೊಳ್ಳುದಾ?"

ವಾರಿಜಾ ಕಂಗೆಟ್ಟು ಸುತ್ತ ನೋಡಿದಳು. ಊರಿಡೀ ನೀರು.

"ಮುಂದೆ ಎರಡು ಕೊಡ ಇಟ್ಟು, ಬೀದಿಯಲ್ಲೇ ನೀರು ತುಂಬಿಸಿಕೊಳ್ತೇನೆ ಸರ್."

ಪಿರೇರಾ ನಗುತ್ತ ಸಹಿ ಹಾಕಿದರು. ಕೊಡ ಸೋರಿದರೇನು ಗತಿಯೆಂದು ಅವಳು ಆಗಲೇ ಯೋಚಿಸತೊಡಗಿದ್ದಳು.